ಮಾಯಾರೋಗ, ಒಂಟಿತನ, ಪ್ರೇಮ: ಕಿನ್ನರಕಥೆಯ ಕಾದಂಬರಿಗೊಂದು ಕನ್ನಡದ ಓದು

ವೈದ್ಯನಿಗೆ ನಿಲುಕದ, ಮದ್ದಿಗೆ ಬಗ್ಗದ, ಹೆಸರೇ ಇಲ್ಲದ ಕಾಯಿಲೆಯೊಂದು ಕಥೆಯ ಒಳಗೆ ಬಂದಾಗ ಓದುಗರು ಅದನ್ನು ಏನೆಂದು ತಿಳಿಯಬೇಕು? ಈ ಪ್ರಶ್ನೆ ಜಾನಪದ ಕಥೆಗಳಷ್ಟೇ ಹಳೆಯದು. ಇಂದಿನ ಕಾದಂಬರಿಯಷ್ಟೇ ಹೊಸದು. ದೇಹ ಮರವಾಗುವುದು, ಕಲ್ಲಾಗುವುದು, ಗಾಜಾಗುವುದು, ಅಕಾರಣವಾಗಿ ಊದಿಕೊಳ್ಳುವುದು, ಅರ್ಧ ಮಾತ್ರ ಮನುಷ್ಯವಾಗಿ ಉಳಿಯುವುದು ಮುಂತಾದ ಆಶಯಗಳನ್ನು ಒಟ್ಟಾಗಿ ‘ಮಾಯಾರೋಗ’ವೆಂದು ಕರೆಯಬಹುದು. ಇಂಥ ರೋಗದ ಸುತ್ತ ಪ್ರೇಮ ಹಾಗೂ ಒಂಟಿತನಗಳನ್ನು ಹೆಣೆಯುವ ಕಥನವನ್ನು ಪಶ್ಚಿಮದ ವಿಮರ್ಶೆ ಆಧುನಿಕ ಕಿನ್ನರಕಥೆಯೆಂದು ಗುರುತಿಸುತ್ತದೆ. ಕನ್ನಡದ ತರಗತಿಗಳಲ್ಲಿ ಈ ಬಗೆಯ ಬರವಣಿಗೆ ಚರ್ಚೆಗೆ ಬಂದಾಗ ಅದನ್ನು ಮಾಂತ್ರಿಕ ವಾಸ್ತವವಾದದ ಒಂದು ಕವಲೆಂದೋ, ರೋಗವನ್ನು ಮನಸ್ಸಿನ ಸಂಕೇತವೆಂದೋ ವಿವರಿಸಿ ಮುಂದೆ ಹೋಗುವ ರೂಢಿ ಬೆಳೆದಿದೆ. ಈ ಎರಡೂ ವಿವರಣೆಗಳು ಎಲ್ಲಿ ಸಾಲದೆ ಹೋಗುತ್ತವೆ ಎಂಬುದನ್ನು ತೋರಿಸುವುದು ಮತ್ತು ಕನ್ನಡದ ಕಥನ ಪರಂಪರೆಯಿಂದಲೇ ಮತ್ತೊಂದು ಪ್ರವೇಶವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇದಕ್ಕೆ ಹಿನ್ನೆಲೆಯಾಗಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ಇಟ್ಟುಕೊಳ್ಳಲಾಗಿದೆ. ಕಾಗಿಣಾ ನದಿಯ ಈ ಪ್ರದೇಶದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವಿದೆ, ಸನ್ನತಿಯ ಚಂದ್ರಲಾಂಬೆಯಿದ್ದಾಳೆ, ನೆಲದಡಿಯಲ್ಲಿ ಸುಣ್ಣದ ಕಲ್ಲಿನ ಹಾಸು ಇದೆ. ಮಾಯಾರೋಗದ ಕಥನವನ್ನು ಅರಿಯಲು ಈ ಮೂರೂ ಬೇರೆ ಬೇರೆ ಬಗೆಯಲ್ಲಿ ನೆರವಾಗುತ್ತವೆ.

1. ಕರ್ಮಫಲವಾಗಿ ರೋಗ

ಸೇಡಂ ತಾಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ‘ಕವಿರಾಜಮಾರ್ಗ’ದ ಕಾರಣಕ್ಕೆ ಕನ್ನಡಿಗರಿಗೆ ಪರಿಚಿತವಾದ ಈ ರಾಜಧಾನಿ ಹತ್ತನೆಯ ಶತಮಾನದಲ್ಲಿ ಅಪಭ್ರಂಶದ ಮಹಾಕವಿ ಪುಷ್ಪದಂತನಿಗೂ ನೆಲೆಯಾಗಿತ್ತು. ಕ್ರಿ.ಶ. 965ರಲ್ಲಿ ಮಹಾಪುರಾಣವನ್ನು ಮುಗಿಸಿದ ಆ ಕವಿ ಯಶೋಧರನ ಕಥೆಯನ್ನು ‘ಜಸಹರಚರಿಉ’ ಎಂಬ ಹೆಸರಿನಲ್ಲಿ ಬರೆದನು. ಅದೇ ಕಥೆ ಮುಂದೆ 1209ರಲ್ಲಿ ಜನ್ನನ ‘ಯಶೋಧರ ಚರಿತೆ’ಯಾಗಿ ಕನ್ನಡದಲ್ಲಿ ನೆಲೆಗೊಂಡಿತು. ಅರಮನೆಯ ಅಂತಃಪುರದಲ್ಲಿ ಮಲಗಿದ್ದ ರಾಣಿ ಅಮೃತಮತಿಯ ಕಿವಿಗೆ ನಡುರಾತ್ರಿ ಮಾವಟಿಗನ ಹಾಡು ಬೀಳುತ್ತದೆ. ಕುರೂಪಿಯಾದ ಅವನಲ್ಲಿ ಅವಳು ಮನಸೋಲುತ್ತಾಳೆ. ಈ ಕಥೆಯ ಪರಂಪರೆಯಲ್ಲಿ ಅಮೃತಮತಿ ಮುಂದೆ ಕುಷ್ಠರೋಗಕ್ಕೆ ತುತ್ತಾಗುತ್ತಾಳೆ. ರೋಗಕ್ಕೆ ಇಲ್ಲಿ ಸ್ಪಷ್ಟವಾದ ಲೆಕ್ಕವಿದೆ: ಮಾಡಿದ್ದು ಮೈಯಲ್ಲಿ ಮೂಡುತ್ತದೆ. ಮನಸ್ಸಿನ ವಿಕಾರವು ದೇಹದ ವಿಕಾರವಾಗಿ ಎಲ್ಲರ ಕಣ್ಣಿಗೂ ಕಾಣಿಸಬೇಕು ಎಂಬುದು ಆ ಕಥನದ ನ್ಯಾಯ.

‘ವಡ್ಡಾರಾಧನೆ’ಯ ಸನತ್ಕುಮಾರ ಚಕ್ರವರ್ತಿಯ ಕಥೆ ಇದೇ ಚೌಕಟ್ಟಿನಲ್ಲಿ ಇನ್ನೊಂದು ದಿಕ್ಕನ್ನು ಹಿಡಿಯುತ್ತದೆ. ದೇವತೆಗಳೂ ನೋಡಬಯಸುವಷ್ಟು ಚೆಲುವನಾದ ಚಕ್ರವರ್ತಿ, ತನ್ನ ರೂಪ ಕ್ಷಣಕ್ಷಣಕ್ಕೂ ಕುಂದುತ್ತಿದೆ ಎಂದು ಅರಿತು ರಾಜ್ಯವನ್ನು ತೊರೆಯುತ್ತಾನೆ. ತಪಸ್ಸಿನಲ್ಲಿರುವಾಗ ಮೈಗೆ ರೋಗಗಳು ಮುತ್ತುತ್ತವೆ. ವೈದ್ಯನ ವೇಷದಲ್ಲಿ ಬಂದ ದೇವನು ಚಿಕಿತ್ಸೆ ಮಾಡುವೆನೆಂದಾಗ, ಸಂಸಾರವೆಂಬ ವ್ಯಾಧಿಗೆ ಮದ್ದಿದ್ದರೆ ಕೊಡು ಎಂಬ ಅರ್ಥದ ಉತ್ತರ ದೊರೆಯುತ್ತದೆ. ಅಮೃತಮತಿಗೆ ರೋಗ ಶಿಕ್ಷೆ. ಸನತ್ಕುಮಾರನಿಗೆ ಅದು ಮೆಟ್ಟಿಲು. ಇಬ್ಬರ ಪಾಲಿಗೂ ರೋಗಕ್ಕೆ ಕಾರಣವಿದೆ, ಅರ್ಥವಿದೆ. ಅಮೃತಮತಿಯ ಒಂಟಿತನ ಮಾತ್ರ ಆ ಅರ್ಥದ ಹೊರಗೆ ಉಳಿಯುತ್ತದೆ. ನಡುರಾತ್ರಿ ಅವಳೇಕೆ ಎಚ್ಚರವಾಗಿದ್ದಳು ಎಂಬ ಪ್ರಶ್ನೆಯನ್ನು ಧರ್ಮಕಥನ ಕೇಳುವುದಿಲ್ಲ. ಅದನ್ನು ಕೇಳಲು ‘ಹಿಟ್ಟಿನ ಹುಂಜ’ದ ಗಿರೀಶ ಕಾರ್ನಾಡರವರೆಗೆ ಕಥೆ ಕಾಯಬೇಕಾಯಿತು.

2. ಒರಟು ಕೈಗಳಿಂದ ರೋಗ

ಇದಕ್ಕೆ ತೀರ ಭಿನ್ನವಾದ ತರ್ಕ ಕನ್ನಡದ ಹೆಂಗಸರ ಕಥೆಗಳಲ್ಲಿದೆ. ಎ.ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡ ಕಥೆಗಳು ಅವರ ನಿಧನಾನಂತರ, 1997ರಲ್ಲಿ, ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡೆಸ್ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಆ ಸಂಕಲನಕ್ಕೆ ಹೆಸರು ಕೊಟ್ಟದ್ದು ಹೂಬಿಡುವ ಮರವಾಗುವ ಹುಡುಗಿಯ ಕಥೆ. ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೂ, ಜಾನ್ ಆ್ಯಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಪ್ರಸ್ತುತಪಡಿಸಿದ ಸಂಗೀತ ರೂಪಕಕ್ಕೂ ಮೂಲ ಇದೇ.

ಕಥೆಯ ಹಂದರ ಹೀಗಿದೆ. ಕೂಲಿ ಮಾಡಿ ಬದುಕುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಒಂದು ಉಪಾಯ ಹೂಡುತ್ತಾಳೆ. ಉಗುರು ಸೋಕದಂತೆ ತಂದ ಒಂದು ಕೊಡ ನೀರನ್ನು ಅಕ್ಕ ಅವಳ ಮೇಲೆ ಸುರಿದರೆ ಅವಳು ಮರವಾಗುತ್ತಾಳೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂ ಮಾರಿ ಮನೆ ನಡೆಯುತ್ತದೆ. ಗುಟ್ಟು ತಿಳಿದ ರಾಜಕುಮಾರ ಅವಳನ್ನೇ ಮದುವೆಯಾಗಿ, ತನ್ನೆದುರು ಮರವಾಗೆಂದು ಒತ್ತಾಯಿಸುತ್ತಾನೆ. ಕಿಟಕಿಯಾಚೆ ಬಿದ್ದ ಬಾಡಿದ ಹೂಗಳಿಂದ ಸುಳಿವು ಹಿಡಿದ ನಾದಿನಿ ಅವಳನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ಯುತ್ತಾಳೆ. ಅಲ್ಲಿ ನಾದಿನಿಯ ಗೆಳತಿಯರು ಕೊಂಬೆ ಮುರಿದು, ಎಲೆ ಕಿತ್ತು, ಎರಡನೆಯ ಕೊಡವನ್ನು ಬೇಕಾಬಿಟ್ಟಿ ಸುರಿದು ಹೋಗುತ್ತಾರೆ. ಹುಡುಗಿ ಕೈಕಾಲುಗಳಿಲ್ಲದ, ಮುಖ ಮಾತ್ರ ಮನುಷ್ಯರದಾದ ಗಾಯಗೊಂಡ ದೇಹವಾಗಿ ಉಳಿಯುತ್ತಾಳೆ. ಹತ್ತಿಯ ಬಂಡಿಯವನೊಬ್ಬ ನರಳಾಟ ಕೇಳಿ, ತನ್ನ ರುಮಾಲು ಹೊದಿಸಿ, ಊರಾಚೆಯ ಪಾಳು ಮಂಟಪದಲ್ಲಿ ಬಿಟ್ಟುಹೋಗುತ್ತಾನೆ. ಇತ್ತ ಗಂಡ ಬೈರಾಗಿಯಾಗಿ ಅಲೆಯುತ್ತಾನೆ. ಕೊನೆಗೆ ಇಬ್ಬರೂ ಅವನ ಅಕ್ಕನ ಅರಮನೆಯಲ್ಲಿ ಎದುರಾಗುತ್ತಾರೆ. ಗುರುತು ಹತ್ತಿದ ಗಂಡ ಮೊದಲ ಕೊಡ ಸುರಿದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ, ಎರಡನೆಯ ಕೊಡ ಸುರಿದಾಗ ಅವಳು ಮೊದಲಿನಂತಾಗುತ್ತಾಳೆ.

ಈ ಕಥೆಯಲ್ಲಿ ಗಮನಿಸಬೇಕಾದ ಮೊದಲ ಸಂಗತಿಯೆಂದರೆ ಮರವಾಗುವುದು ರೋಗವಲ್ಲ. ಅದು ಹುಡುಗಿಯ ಶಕ್ತಿ, ಬೇಕಾದರೆ ಅವಳ ಕಸುಬು ಎನ್ನಬಹುದು. ಸಂಸ್ಕೃತದಲ್ಲಿ ಮೈನೆರೆದವಳನ್ನು ಪುಷ್ಪವತಿ ಎನ್ನುವುದನ್ನು ನೆನೆದರೆ ಹೂಬಿಡುವಿಕೆಯು ಹೆಣ್ಣಿನ ದೇಹಕ್ಕೆ ಎಷ್ಟು ಹತ್ತಿರದ ಮಾತೆಂಬುದು ತಿಳಿಯುತ್ತದೆ. ರೋಗ ಹುಟ್ಟುವುದು ನಿಬಂಧನೆ ಮುರಿದಾಗ. ಆ ನಿಬಂಧನೆಯಾದರೂ ಏನು? ಉಗುರು ಸೋಕಬಾರದು, ಚಿಗುರು ಮುರಿಯಬಾರದು. ಮಂತ್ರತಂತ್ರಗಳ ಗೋಜಿಲ್ಲದ, ಮುಟ್ಟುವವರ ನಯಕ್ಕೆ ಸಂಬಂಧಿಸಿದ ಕಟ್ಟಳೆಯಿದು. ಮರವಾಗಿದ್ದಾಗ ಅವಳು ಓಡಲಾರಳು, ಕೂಗಲಾರಳು. ತನ್ನನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಒಪ್ಪಿಸಿರುತ್ತಾಳೆ. ಆ ಸ್ಥಿತಿಯಲ್ಲಿ ಅವಳು ಅತ್ಯಂತ ದುರ್ಬಲಳೆಂಬುದನ್ನು ರಾಮಾನುಜನ್ ಈ ಕಥೆಯ ಕುರಿತ ಪ್ರಬಂಧದಲ್ಲಿ ಗುರುತಿಸಿದ್ದಾರೆ. ಆದ್ದರಿಂದ ಪಾಪ–ಪುಣ್ಯಗಳ ಲೆಕ್ಕ ಇಲ್ಲಿ ರೋಗಿಯ ತಲೆಗೆ ಸುತ್ತಿಕೊಳ್ಳುವುದಿಲ್ಲ. ರೋಗಕ್ಕೆ ಕಾರಣ ಅವಳ ಸುತ್ತಲಿನವರು. ಯಶೋಧರ ಕಥೆಯ ನ್ಯಾಯವನ್ನು ಈ ಕಥೆ ಸದ್ದಿಲ್ಲದೆ ತಿರುವಿ ಹಾಕುತ್ತದೆ.

ಎರಡನೆಯ ಸಂಗತಿ ಚಿಕಿತ್ಸೆಗೆ ಸಂಬಂಧಿಸಿದ್ದು. ಗುಣವಾಗುವ ವಿಧಾನವು ಕೆಟ್ಟ ವಿಧಾನದ್ದೇ ಮರುನಡೆ: ಅದೇ ನೀರು, ಅದೇ ಕೊಡ, ಕೈ ಮಾತ್ರ ಬೇರೆ. ಹೂವಿನ ಬೆರಗಿಗಾಗಿ ಅವಳನ್ನು ಒತ್ತಾಯಿಸಿದ ಗಂಡನೇ ಈಗ ಅವಳ ಮುರಿದ ಕೊಂಬೆಗಳನ್ನು ಕೂಡಿಸುವ ಕೆಲಸಗಾರನಾಗಿ ಬದಲಾಗಬೇಕಾಗುತ್ತದೆ. ಪ್ರೇಮವೆಂದರೆ ಉತ್ಕಟ ಭಾವವೆಂಬ ನವೋದಯದ ತಿಳಿವಳಿಕೆಗಿಂತ ಪ್ರೇಮವೆಂದರೆ ಶುಶ್ರೂಷೆಯೆಂಬ ತಿಳಿವಳಿಕೆಯನ್ನು ಕಥೆ ಮುಂದಿಡುತ್ತದೆ. ಹತ್ತಿಯ ಬಂಡಿಯವನ ರುಮಾಲಿಗೆ ಈ ದೃಷ್ಟಿಯಿಂದ ಮಹತ್ವವಿದೆ. ಸಂಬಂಧವಿಲ್ಲದ, ಹೆಸರಿಲ್ಲದ ಆ ದುಡಿಮೆಗಾರನೇ ಅವಳನ್ನು ಮನುಷ್ಯಳೆಂದು ಮೊದಲು ಕಂಡವನು.

3. ಆಡದ ಮಾತಿನಿಂದ ರೋಗ

ರಾಮಾನುಜನ್ ತಮ್ಮ 1991ರ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ಸೇರಿಸಿದ ತಮಿಳು ಕಥೆಯೊಂದರಲ್ಲಿ ಮಾಯಾರೋಗದ ಮತ್ತೊಂದು ಬಗೆಯಿದೆ. ಮಕ್ಕಳು–ಸೊಸೆಯರ ಕಾಟವನ್ನು ಯಾರಿಗೂ ಹೇಳಲಾರದ ವಿಧವೆ ದಿನದಿನಕ್ಕೂ ಊದಿಕೊಳ್ಳುತ್ತಾಳೆ. ಉಂಡದ್ದರಿಂದ ಬಂದ ಮೈಯಲ್ಲ ಅದು, ನುಂಗಿದ ಮಾತಿನಿಂದ ಬಂದದ್ದು. ಒಂದು ದಿನ ಪಾಳು ಮನೆಗೆ ಹೋಗಿ ನಾಲ್ಕು ಗೋಡೆಗಳಿಗೆ ತನ್ನ ದುಃಖವನ್ನು ಹೇಳಿಕೊಳ್ಳುತ್ತಾಳೆ. ಒಂದೊಂದು ಗೋಡೆ ಬಿದ್ದಾಗಲೂ ಅವಳ ಮೈ ಹಗುರವಾಗುತ್ತದೆ. ಕನ್ನಡದ ಇನ್ನೊಂದು ಕಥೆಯಲ್ಲಿ ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ. ಅವನ್ನು ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು ಗಂಡಸಿನ ಅಂಗಿಯಾಗಿ, ಕೆರವಾಗಿ ನಿಂತು ಗಂಡನ ಸಂಶಯಕ್ಕೆ ಕಾರಣವಾಗುತ್ತವೆ. ಸತ್ಯ ತಿಳಿದ ಗಂಡ ಮರಳಿ ಬಂದು ಕೇಳಿದಾಗ, ಯಾವ ಕಥೆ, ಯಾವ ಹಾಡು ಎನ್ನುವಷ್ಟು ಅವಳು ಅವನ್ನು ಮರೆತಿರುತ್ತಾಳೆ. ಮೊದಲ ಕಥೆ ಗುಣದಲ್ಲಿ ಮುಗಿದರೆ ಎರಡನೆಯದು ನಷ್ಟದಲ್ಲಿ ಮುಗಿಯುತ್ತದೆ. ಕೇಳುವ ಕಿವಿ ತಡವಾಗಿ ಬಂದರೆ ಮಾತೇ ಉಳಿದಿರುವುದಿಲ್ಲ ಎಂಬ ಎಚ್ಚರ ಅದರಲ್ಲಿದೆ.

ಕಾರ್ನಾಡರ ‘ನಾಗಮಂಡಲ’ ಈ ಕಥೆಯನ್ನು ಚೌಕಟ್ಟಾಗಿ ಬಳಸಿಕೊಂಡಿರುವುದು ಆಕಸ್ಮಿಕವಲ್ಲ. ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ರಾಣಿ ಒಬ್ಬಳೇ ಇರುತ್ತಾಳೆ. ಅಪ್ಪಣ್ಣ ಮಧ್ಯಾಹ್ನ ಉಂಡು ಹೊರಟುಬಿಡುತ್ತಾನೆ. ಕುರುಡವ್ವ ಕೊಟ್ಟ ವಶೀಕರಣದ ಬೇರಿನಿಂದ ಕೆಂಪಾದ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ನಾಗಪ್ಪ ಗಂಡನ ರೂಪದಲ್ಲಿ ರಾತ್ರಿ ಬರತೊಡಗುತ್ತಾನೆ. ಮದ್ದು ಇಲ್ಲಿ ದಾರಿ ತಪ್ಪಿ ಪ್ರೇಮವಾಗುತ್ತದೆ. ಹಗಲಿನ ಗಂಡನೂ ರಾತ್ರಿಯ ಗಂಡನೂ ಬೇರೆ ಎಂದು ರಾಣಿಯ ದೇಹಕ್ಕೆ ತಿಳಿದಿದ್ದರೂ ಅದನ್ನು ಆಡುವ ಅವಕಾಶ ಅವಳಿಗಿಲ್ಲ. ಪಂಚರ ಮುಂದೆ ಹಾವನ್ನು ಹಿಡಿದು ಅವಳು ಆಡಿದ ಸತ್ಯವನ್ನು ಊರು ದೈವದ ಮಾತೆಂದು ಕೇಳುತ್ತದೆಯೇ ಹೊರತು ಒಬ್ಬ ಹೆಣ್ಣಿನ ಮಾತೆಂದು ಕೇಳುವುದಿಲ್ಲ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಕಾದಂಬರಿಯಲ್ಲಿಯೂ ಷಂಡನಾದ ದೇಸಾಯಿಯ ಮಡದಿಯಾಗಿ ಸಿಂಗಾರೆವ್ವ ಅನುಭವಿಸುವ ಏಕಾಂತಕ್ಕೆ ಅರಮನೆಯೇ ರೋಗಗ್ರಸ್ತ ದೇಹವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಕಿನ್ನರಕಥೆ ಕಾದಂಬರಿಯಾಗುವಾಗ ರೋಗವು ವ್ಯಕ್ತಿಯಿಂದ ಮನೆಗೆ, ಮನೆಯಿಂದ ವ್ಯವಸ್ಥೆಗೆ ಹರಡುವ ಬಗೆಯನ್ನು ಇಲ್ಲಿ ಗುರುತಿಸಬಹುದು.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಪ್ರಚಲಿತವಿರುವ ಐತಿಹ್ಯವೊಂದನ್ನು ಇವುಗಳ ಜೊತೆ ಇಟ್ಟು ನೋಡುವುದು ಉಪಯುಕ್ತ. ಅರಸನೊಬ್ಬ ಮುನಿಯ ಹೆಂಡತಿಯನ್ನು ಅಪಹರಿಸುತ್ತಾನೆ. ಮುನಿ ಹಿಂಗುಲಾಂಬಿಕೆಯ ಮೊರೆಹೋದಾಗ, ತಿರುಗಿ ನೋಡಬಾರದೆಂಬ ನಿಬಂಧನೆಯ ಮೇಲೆ ದೇವಿ ಅವನ ಬೆನ್ನ ಹಿಂದೆ ಬರುತ್ತಾಳೆ. ದಾರಿಯಲ್ಲಿ ಗೆಜ್ಜೆಯ ಸಪ್ಪಳ ನಿಂತಿತೆಂದು ಮುನಿ ತಿರುಗಿ ನೋಡುತ್ತಾನೆ. ದೇವಿ ಅಲ್ಲಿಯೇ ನಿಲ್ಲುತ್ತಾಳೆ. ಮುಂದೆ ದುಂಬಿಗಳ ಮೂಲಕ ಅರಸನ ನಾಶವಾಗುತ್ತದೆ. ಇಲ್ಲಿಯೂ ನಿಬಂಧನೆಯು ನಂಬಿಕೆಯ ಪರೀಕ್ಷೆ. ಸೆರೆಯಲ್ಲಿರುವ ಹೆಣ್ಣು ಕಾಯುತ್ತಿರುವಾಗ ಬಿಡಿಸಲು ಹೊರಟ ಗಂಡಸು ಸಪ್ಪಳ ಕೇಳಿಸದ ಒಂದು ಗಳಿಗೆಯನ್ನು ತಾಳಲಾರದೆ ಹೋಗುತ್ತಾನೆ.

4. ಕಾರಣವಿಲ್ಲದ ರೋಗ

ಈ ಮೂರು ಬಗೆಗಳ ಬೆಳಕಿನಲ್ಲಿ ಪಶ್ಚಿಮದ ಆಧುನಿಕ ಕಿನ್ನರಕಥೆಯೊಂದನ್ನು ಪರಿಶೀಲಿಸಬಹುದು. ಇಂಗ್ಲೆಂಡಿನ ಲೇಖಕ ಅಲಿ ಶಾ ಅವರ ಚೊಚ್ಚಲ ಕಾದಂಬರಿ ‘ದಿ ಗರ್ಲ್ ವಿತ್ ಗ್ಲಾಸ್ ಫೀಟ್’ 2009ರಲ್ಲಿ ಪ್ರಕಟವಾಗಿ ಮರುವರ್ಷ ಡೆಸ್ಮಂಡ್ ಎಲಿಯಟ್ ಪ್ರಶಸ್ತಿ ಪಡೆಯಿತು. ಸೇಂಟ್ ಹೌಡಾಸ್ ಲ್ಯಾಂಡ್ ಎಂಬ ಕಲ್ಪಿತ ದ್ವೀಪಸಮೂಹಕ್ಕೆ ಐಡಾ ಎಂಬ ಯುವತಿ ಚಳಿಗಾಲದಲ್ಲಿ ಮರಳಿ ಬರುತ್ತಾಳೆ. ಅವಳ ಪಾದಗಳು ಗಾಜಾಗುತ್ತಿವೆ; ಗಾಜು ಮೆಲ್ಲಮೆಲ್ಲನೆ ಮೇಲೇರುತ್ತಿದೆ. ಅದನ್ನು ಬಲ್ಲವನೆಂದು ಅವಳು ನಂಬಿದ ಒಬ್ಬನನ್ನು ಹುಡುಕುತ್ತಿರುವಾಗ ಮೈಡಾಸ್ ಎಂಬ ಸಂಕೋಚದ ಯುವಕ ಜೊತೆಯಾಗುತ್ತಾನೆ. ಛಾಯಾಚಿತ್ರ ತೆಗೆಯುವ ಅವನಿಗೆ ಜಗತ್ತನ್ನು ಕ್ಯಾಮೆರಾದ ಮೂಲಕ ನೋಡುವುದಷ್ಟೇ ಗೊತ್ತು. ಇನ್ನೊಬ್ಬರ ಸ್ಪರ್ಶ ಅವನಿಗೆ ಸಹಿಸದು. ಮುಟ್ಟಿದ್ದೆಲ್ಲ ಚಿನ್ನವಾಗುವ ಗ್ರೀಕ್ ದೊರೆಯ ಹೆಸರನ್ನು ಮುಟ್ಟಲು ಹೆದರುವವನಿಗೆ ಇಟ್ಟಿರುವುದು ಅರ್ಥಪೂರ್ಣವಾಗಿದೆ. ಮದ್ದಿನ ಪ್ರಯತ್ನಗಳು ಫಲಿಸುವುದಿಲ್ಲ. ಐಡಾ ಕೊನೆಗೆ ಪೂರ್ತಿ ಗಾಜಾಗುತ್ತಾಳೆ.

ಹೂವಾಗುವ ಹುಡುಗಿಯ ಕಥೆಗೂ ಈ ಕಾದಂಬರಿಗೂ ಇರುವ ಹೋಲಿಕೆ ಮೇಲ್ನೋಟಕ್ಕೇ ಕಾಣುತ್ತದೆ: ಹೆಣ್ಣಿನ ದೇಹದ ರೂಪಾಂತರ, ಗುಟ್ಟು, ಮುಟ್ಟುವ ಕೈಯ ಪ್ರಶ್ನೆ, ನೋಡುವ ಚಪಲದಿಂದ ಆರೈಕೆಯತ್ತ ಬದಲಾಗುವ ಗಂಡು. ಆದರೆ ವ್ಯತ್ಯಾಸವೇ ಹೆಚ್ಚು ಮುಖ್ಯವಾದುದು. ಜಾನಪದ ಕಥೆಯಲ್ಲಿ ನಿಬಂಧನೆಯಿದೆ. ಅದು ಮುರಿದದ್ದರಿಂದ ರೋಗ, ಅದನ್ನು ಪಾಲಿಸಿದ್ದರಿಂದ ಗುಣ. ಕಾದಂಬರಿಯಲ್ಲಿ ನಿಬಂಧನೆಯೇ ಇಲ್ಲ. ಐಡಾ ಯಾವ ಕಟ್ಟಳೆಯನ್ನೂ ಮೀರಿಲ್ಲ, ಯಾರ ಕೈಯೂ ಅವಳನ್ನು ಮುರಿದಿಲ್ಲ, ಕರ್ಮದ ಲೆಕ್ಕವೂ ಅನ್ವಯವಾಗುವುದಿಲ್ಲ. ಅವಳಿಗೆ ರೋಗ ಬಂದಿದೆ, ಅಷ್ಟೆ. ಮ್ಯಾಕ್ಸ್ ಲ್ಯೂಥಿ ಹೇಳುವಂತೆ ಜಾನಪದ ಕಥೆಯ ಪಾತ್ರಗಳು ಅದ್ಭುತವನ್ನು ಎದುರಿಸಿ ಬೆರಗಾಗುವುದಿಲ್ಲ, ಏಕೆಂದರೆ ಅವರ ಲೋಕ ಒಂದೇ. ಆಧುನಿಕ ಕಿನ್ನರಕಥೆಯ ಪಾತ್ರಗಳಿಗೆ ಆ ಒಂದೇ ಲೋಕ ಕೈತಪ್ಪಿದೆ. ಅದ್ಭುತ ಅವರ ಮೈಯಲ್ಲಿದೆ, ಅದನ್ನು ಅರ್ಥ ಮಾಡಿಸುವ ಸಮುದಾಯ ಸುತ್ತಮುತ್ತ ಇಲ್ಲ. ಅವರ ಒಂಟಿತನದ ಮೂಲ ಇದೇ. ಹೂವಾಗುವ ಹುಡುಗಿಯ ಗುಟ್ಟನ್ನು ಕೊಡ ಹಿಡಿದ ಅಕ್ಕನಾದರೂ ಬಲ್ಲಳು. ಐಡಾಳ ಕಾಲಚೀಲದೊಳಗಿನ ಗಾಜಿಗೆ ಅಂಥ ಪಾಲುದಾರರಿಲ್ಲ.

ಗುಣವಾಗುವ ಭರವಸೆ ಹೋದ ಮೇಲೆ ಪ್ರೇಮಕ್ಕೆ ಉಳಿಯುವ ಕೆಲಸವೇನು? ಕೊಂಬೆ ಕೂಡಿಸುವ ಗಂಡನಿಗೆ ಫಲ ಸಿಕ್ಕಿತು. ಮೈಡಾಸನಿಗೆ ಫಲವಿಲ್ಲ, ಜೊತೆಗಿರುವುದು ಮಾತ್ರ ಅವನಿಂದ ಸಾಧ್ಯ. ಆದರೂ ಅವನು ಕ್ಯಾಮೆರಾ ಕೆಳಗಿಟ್ಟು ಕೈ ಚಾಚಲು ಕಲಿಯುತ್ತಾನೆ. ಕಾದಂಬರಿಯ ಗಂಭೀರತೆ ಇರುವುದು ಇಲ್ಲಿ. ಗುಣಪಡಿಸಲಾರದ ಪ್ರೇಮಕ್ಕೂ ಬೆಲೆಯಿದೆಯೇ ಎಂಬ ಪ್ರಶ್ನೆಯನ್ನು ಹಳೆಯ ಕಥೆ ಎತ್ತುವ ಅಗತ್ಯವಿರಲಿಲ್ಲ.

5. ರೂಪಕದ ಆಚೆಗೆ

ಇಂಥ ಕೃತಿಗಳನ್ನು ಕಲಿಸುವಾಗ ‘ಗಾಜು ಎಂದರೆ ಭಾವನೆಗಳ ಹೆಪ್ಪುಗಟ್ಟುವಿಕೆ’ ಎಂಬ ಬಗೆಯ ಸಮೀಕರಣ ಸುಲಭವಾಗಿ ಒದಗುತ್ತದೆ. ಸೂಸನ್ ಸೊಂಟಾಗ್ 1978ರ ತಮ್ಮ ಕೃತಿಯಲ್ಲಿ ಕ್ಷಯ ಮತ್ತು ಕ್ಯಾನ್ಸರ್‌ಗಳನ್ನು ರೂಪಕವಾಗಿಸುವುದರ ಅಪಾಯವನ್ನು ತೋರಿಸಿದರು. ರೋಗವನ್ನು ಸ್ವಭಾವದ ಸಂಕೇತವೆಂದು ಓದಿದಾಗ ರೋಗಿಯೇ ತನ್ನ ರೋಗಕ್ಕೆ ಹೊಣೆಯಾಗುತ್ತಾನೆ. ಹಾಗೆ ನೋಡಿದರೆ ಸಂಕೇತವಾದಿ ಓದು ಅಮೃತಮತಿಯ ಕುಷ್ಠದ ತರ್ಕಕ್ಕೇ, ಅಂದರೆ ಮನಸ್ಸಿನ ದೋಷ ಮೈಯಲ್ಲಿ ಮೂಡುತ್ತದೆ ಎಂಬ ತರ್ಕಕ್ಕೇ, ಮರಳಿದಂತಾಗುತ್ತದೆ. ಹೊಸ ಪರಿಭಾಷೆಯಲ್ಲಿ ಹಳೆಯ ತೀರ್ಪು ಮುಂದುವರಿಯುತ್ತದೆ.

ಶಹಾಬಾದ, ವಾಡಿಗಳ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಶಹಾಬಾದಿನ ಕಲ್ಲುಹಾಸು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಇಲ್ಲಿನ ಸುಣ್ಣದ ಕಲ್ಲನ್ನು ಆಧರಿಸಿ ವಾಡಿ ಮತ್ತು ಸೇಡಂ ಪರಿಸರದಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದವು. ಕಲ್ಲು ಕೊರೆಯುವ, ಒಡೆಯುವ ದುಡಿಮೆಯಲ್ಲಿ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆ ಬರುತ್ತದೆಂಬುದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಗಣಿ, ಕಾರ್ಖಾನೆಗಳ ದುಡಿಮೆಯನ್ನು ಹತ್ತಿರದಿಂದ ಕಂಡ ವಿದ್ಯಾರ್ಥಿಗೆ ದೇಹವು ಖನಿಜವಾಗುವುದೆಂದರೆ ಕೇವಲ ಕಾವ್ಯಮಯ ಕಲ್ಪನೆಯಾಗಿರಬೇಕಿಲ್ಲ. ‘ಈ ಗಾಜು ಏನನ್ನು ಸೂಚಿಸುತ್ತದೆ’ ಎಂದು ಕೇಳುವ ಮೊದಲು ‘ಅವಳು ಹೇಗೆ ನಡೆಯುತ್ತಾಳೆ, ಯಾರು ಅವಳಿಗೆ ಮೆಟ್ಟಿಲು ಹತ್ತಿಸುತ್ತಾರೆ’ ಎಂದು ಕೇಳುವುದು ಅಂಥ ತರಗತಿಯಲ್ಲಿ ಹೆಚ್ಚು ಪ್ರಾಮಾಣಿಕವಾದ ಆರಂಭವಾದೀತು.

ಹೂವಾಗುವ ಹುಡುಗಿಯ ಕಥೆ ಕೊನೆಗೊಳ್ಳುವ ರೀತಿಯನ್ನೂ ಇಲ್ಲಿ ಮರೆಯಲಾಗದು. ತಪ್ಪಿತಸ್ಥ ನಾದಿನಿಯನ್ನು ಅವಳ ತಂದೆಯೇ ಸುಡುಸುಣ್ಣದ ಗುಂಡಿಗೆ ನೂಕಿಸುತ್ತಾನೆ. ಸುಣ್ಣದ ಭಟ್ಟಿಯನ್ನು ಕಂಡವರಿಗೆ ಆ ಶಿಕ್ಷೆಯ ಕ್ರೌರ್ಯ ಎಂಥದೆಂದು ವಿವರಿಸಬೇಕಾಗಿಲ್ಲ. ಒಂದು ಎಳೆಯ ದೇಹದ ಗಾಯ ಮಾಯುವ ಹೊತ್ತಿಗೆ ಇನ್ನೊಂದು ಎಳೆಯ ದೇಹ ಸುಟ್ಟುಹೋಗುತ್ತದೆ. ತೋಪಿನಲ್ಲಿ ಕೊಂಬೆ ಮುರಿದ ಹುಡುಗಾಟಕ್ಕೂ ಈ ದಂಡನೆಗೂ ಹೊಂದಾಣಿಕೆಯಿಲ್ಲ. ಮೇಲಾಗಿ, ಮಡದಿಯನ್ನು ದಿನವೂ ಮರವಾಗಿಸಿದ ರಾಜಕುಮಾರನಿಗೆ ಯಾವ ಶಿಕ್ಷೆಯೂ ಇಲ್ಲ. ಹೆಂಗಸರ ಕಥೆಗಳೆಲ್ಲವೂ ಪೂರ್ತಿ ವಿಮೋಚನೆಯ ಕಥೆಗಳೆಂದು ಸಾರುವ ವಿಮರ್ಶೆ ಈ ಸುಣ್ಣದ ಗುಂಡಿಯ ಅಂಚಿನಲ್ಲಿ ಒಂದು ಗಳಿಗೆ ನಿಲ್ಲಬೇಕಾಗುತ್ತದೆ.

6. ಸಮಾರೋಪ

ಮೇಲಿನ ಚರ್ಚೆಯಿಂದ ಮಾಯಾರೋಗದ ಕಥನವನ್ನು ನಾಲ್ಕು ನೆಲೆಗಳಲ್ಲಿ ಗ್ರಹಿಸಬಹುದು: ಧರ್ಮಕಥನದಲ್ಲಿ ಕರ್ಮದ ಫಲ, ಹೆಂಗಸರ ಕಥೆಯಲ್ಲಿ ಒರಟು ಕೈಗಳ ಫಲ ಮತ್ತು ಆಡದ ಮಾತಿನ ಫಲ, ಆಧುನಿಕ ಕಿನ್ನರಕಥೆಯಲ್ಲಿ ಯಾವುದರ ಫಲವೂ ಅಲ್ಲದ ಬರಿಯ ಸಂಭವ. ಈ ನೆಲೆಗಳು ಒಂದರ ನಂತರ ಒಂದು ಬಂದು ಹಿಂದಿನದನ್ನು ಅಳಿಸಿದವೆಂದು ಭಾವಿಸಬೇಕಾಗಿಲ್ಲ. ಮಗುವಿನ ಜ್ವರಕ್ಕೆ ಪೂರ್ವಕರ್ಮ, ಯಾರದೋ ಕಣ್ಣು, ವೈರಾಣು ಎಂಬ ಮೂರೂ ಕಾರಣಗಳನ್ನು ಒಂದೇ ಮನೆಯಲ್ಲಿ ಹೇಳುವುದುಂಟು.

ಕನ್ನಡ, ತೆಲುಗು, ಉರ್ದು, ಲಂಬಾಣಿಗಳು ಒಟ್ಟಿಗೆ ಬಾಳುವ ಸೇಡಂ, ಚಿಂಚೋಳಿಯ ಗಡಿಯಲ್ಲಿ ಈ ಆಶಯಗಳು ಭಾಷೆಯಿಂದ ಭಾಷೆಗೆ ದಾಟುವ ಬಗೆ ಕ್ಷೇತ್ರಾಧ್ಯಯನಕ್ಕೆ ಯೋಗ್ಯವಾದ ವಿಷಯ. ಅಂಥ ಸಂಗ್ರಹದಲ್ಲಿ ಕಥೆಯ ಪಠ್ಯದಷ್ಟೇ ಹೇಳುವವರ ದೇಹಸ್ಥಿತಿಯನ್ನೂ ದಾಖಲಿಸುವುದು ಅವಶ್ಯ: ಬಾಣಂತಿಯ ಕೋಣೆಯಲ್ಲಿ ಹೇಳಿದ ಕಥೆಯೋ, ರೋಗಿಯ ಬಳಿ ಕುಳಿತು ಹೇಳಿದ ಕಥೆಯೋ, ರೊಟ್ಟಿ ಬಡಿಯುತ್ತ ಹೇಳಿದ ಕಥೆಯೋ ಎಂಬುದು ಕಥೆಯ ಅರ್ಥದ ಭಾಗವೇ ಆಗಿರುತ್ತದೆ. ಗೋಡೆಗೆ ಹೇಳಿಕೊಂಡ ಮುದುಕಿಗೆ ಮೈ ಹಗುರವಾಯಿತು, ಗೋಡೆಗಳು ಬಿದ್ದವು. ಅವಳ ಮಾತನ್ನು ಕೇಳಲು ಮನುಷ್ಯರಿದ್ದಿದ್ದರೆ ಆ ಮನೆ ನಿಂತಿರುತ್ತಿತ್ತು. ಕಥೆಯನ್ನು ಸಂಗ್ರಹಿಸುವವರ, ಕಲಿಸುವವರ ಹೊಣೆ ಏನೆಂಬುದನ್ನು ಆ ಕಥೆಯೇ ತಿಳಿಸುತ್ತದೆ.